ಐದು ಕಿಲೋ ಎಂದು ಬರೆದಿತ್ತು

ನಮ್ಮ ಮನೆ ಅಹಮದಾಬಾದಿನ ಮಣಿನಗರದಲ್ಲಿ, ಮೂರನೆಯ ಮಹಡಿಯಲ್ಲಿದೆ. ಹತ್ತಿರದಲ್ಲಿ ಸಮುದ್ರವಿಲ್ಲ, ಅಕ್ಕಪಕ್ಕ ಯಾರೂ ಮನೆ ಕಟ್ಟಿಸುತ್ತಿಲ್ಲ. ಆದರೂ ದಿನಾ ಬೆಳಿಗ್ಗೆ ಕಸ ಗುಡಿಸುವಾಗ ಮಂಚದ ಕೆಳಗಿನಿಂದ ಒಂದು ಚಮಚೆಯಷ್ಟು ಬೂದು ಮರಳು ಹೊರಬರುತ್ತದೆ. ಕಸಬರಿಗೆ ಅದನ್ನು ತಳ್ಳುವಾಗ ಆಗುವ ಚರಚರ ಸದ್ದಿಗೆ ನನ್ನ ಮೈಯೆಲ್ಲ ಉರಿಯುತ್ತದೆ. ಆ ಮರಳು ಬರುವುದು ಒಂದು ಕಪ್ಪು ಪ್ಲಾಸ್ಟಿಕ್ ಬಿಲ್ಲೆಯಿಂದ. ಅದರ ನಡುವೆ ಒಂದು ತೂತು, ತೂತಿನ ಮೇಲೆ ಉಬ್ಬಿದ ಅಕ್ಷರಗಳಲ್ಲಿ ಐದು ಕಿಲೋ ಎಂಬ ಬರಹ. ಆ ಬರಹ ಸುಳ್ಳು. ಹಾಗಾದರೆ ಎಸೆದುಬಿಡಬಾರದೇ ಎಂದು ನೀವು ಕೇಳಬಹುದು. ಎಸೆಯುವುದಿಲ್ಲ. ಸಿಟ್ಟು ಆರಿಹೋಗಬಾರದೆಂದೇ ಅದನ್ನು ಇಟ್ಟುಕೊಂಡಿದ್ದೇನೆ.

ಹೌದು, ನಾನು ಭಾರ ಎತ್ತುತ್ತೇನೆ. ಐವತ್ತೆಂಟು ವರ್ಷದ ಹೆಂಗಸು, ಸೀರೆ ಉಡುವವಳು, ಸಂಕಷ್ಟಿ ಹಿಡಿಯುವವಳು, ಚಹಾಕ್ಕೆ ಎರಡು ಚಮಚೆ ಸಕ್ಕರೆ ಹಾಕಿಕೊಳ್ಳುವವಳು, ವಾರಕ್ಕೆ ಮೂರು ದಿನ ಮಗಳ ಹಳೆಯ ಪೈಜಾಮ ತೊಟ್ಟು ಕಬ್ಬಿಣ ಎತ್ತುತ್ತೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಧಾರವಾಡದ ನನ್ನ ಅಕ್ಕತಂಗಿಯರು ಫೋನಿನಲ್ಲಿ ಅರ್ಧ ತಾಸು ನಕ್ಕಿದ್ದಾರೆ, ನಿಮ್ಮದೇನು ಹೊಸದಲ್ಲ.

ಶುರುವಾದದ್ದು ಹಿಂದಿನ ವರ್ಷದ ಉತ್ತರಾಯಣದ ದಿನ. ನಮ್ಮ ಸಂಕ್ರಾಂತಿಯೇ ಅದು, ಆದರೆ ಇಲ್ಲಿ ಎಳ್ಳುಬೆಲ್ಲಕ್ಕಿಂತ ಗಾಳಿಪಟ ದೊಡ್ಡದು. ಊರಿಗೆ ಊರೇ ಎರಡು ದಿನ ಮಾಳಿಗೆಯ ಮೇಲೆ ಇರುತ್ತದೆ. ನಮ್ಮ ಎದುರು ಮನೆಯ ಕೋಕಿಲಾಬೆನ್ ಅರವತ್ತೈದರ ಹೆಂಗಸು. ವರ್ಷವಿಡೀ ಮೊಣಕಾಲು ನೋವೆಂದು ನರಳುವ ಆಕೆ ಆ ಎರಡು ದಿನ ಮಾತ್ರ ಸೇನಾಪತಿ. ನನ್ನ ಕೈಗೆ ಫಿರ್ಕಿ ಕೊಟ್ಟಿದ್ದರು, ಅಂದರೆ ದಾರದ ಉರುಳೆ. ಅವರು ಎಳೆದಾಗ ನಾನು ಬಿಡಬೇಕು, ಅವರು ಬಿಟ್ಟಾಗ ನಾನು ಸುತ್ತಬೇಕು. ಆಕಾಶ ನೋಡುತ್ತ ಎರಡು ಹೆಜ್ಜೆ ಹಿಂದೆ ಇಟ್ಟೆ, ನೀರಿನ ಪೈಪಿಗೆ ಎಡವಿ ಬಿದ್ದೆ. ಬಲಗೈ ಮಣಿಕಟ್ಟು ಲಟಕ್ಕೆಂದಿತು. ಕೋಕಿಲಾಬೆನ್ ಎದುರಾಳಿಯ ಪಟ ಕತ್ತರಿಸಿ, ‘ಕಾಪ್ಯೋ ಛೇ!’ ಎಂದು ಕೂಗಿದ ಮೇಲೆಯೇ ತಿರುಗಿ ನೋಡಿದ್ದು. ಅವರನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಎಲುಬಿನ ಡಾಕ್ಟರು ಪ್ಲಾಸ್ಟರ್ ಹಾಕಿದರು. ಅಷ್ಟಕ್ಕೆ ಬಿಡದೆ ಎಲುಬು ಎಷ್ಟು ಗಟ್ಟಿ ಇದೆ ಎಂದು ತೋರಿಸುವ ಯಂತ್ರದ ಮೇಲೂ ಮಲಗಿಸಿದರು. ವರದಿ ನೋಡಿ, ‘ಬೆನ್, ಬಾಹರ್ ಸೇ ರೋಟ್ಲೋ, ಅಂದರ್ ಸೇ ಖಾಖ್ರೋ’ ಎಂದರು. ಮೇಲಿನಿಂದ ದಪ್ಪ ಸಜ್ಜಿ ರೊಟ್ಟಿ, ಒಳಗೆ ಮುಟ್ಟಿದರೆ ಮುರಿಯುವ ಖಾಖ್ರಾ. ಒಂದೇ ಮಾತಿನಲ್ಲಿ ನನ್ನ ಮೈಯನ್ನೂ ಎಲುಬನ್ನೂ ಎರಡನ್ನೂ ಅವಮಾನಿಸಿದ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು.

ಆದರೆ ಆ ದಿನ ನನಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಯಿತು. ನಮ್ಮವ್ವ ಅರವತ್ತೆರಡನೆಯ ವರ್ಷದಲ್ಲಿ ಧಾರವಾಡದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದಳು. ತೊಡೆಯ ಮೇಲಿನ ಎಲುಬು ಮುರಿಯಿತು. ಮುರಿದದ್ದು ಒಂದು ಗಳಿಗೆಯಲ್ಲಿ, ಮಲಗಿದ್ದು ಹನ್ನೊಂದು ತಿಂಗಳು. ಮಂಚದಿಂದ ಆಮೇಲೆ ಏಳಲೇ ಇಲ್ಲ. ಸಾಯುವ ಮೊದಲು ಅವಳು ಕೇಳಿದ್ದು ದೇವರನ್ನಲ್ಲ, ಮೊಮ್ಮಕ್ಕಳನ್ನಲ್ಲ. ‘ಒಂದ ಸಲ ಎದ್ದ ಹೋಗಿ ಅಡಿಗಿಮನಿ ನೋಡಿ ಬರ್ತೇನಿ’ ಎನ್ನುತ್ತಿದ್ದಳು. ಅಡಿಗೆಮನೆ ಇದ್ದದ್ದು ಹನ್ನೆರಡು ಹೆಜ್ಜೆ ಆಚೆ. ವರದಿ ಕೈಯಲ್ಲಿ ಹಿಡಿದು ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನಾನು ಎಣಿಸುತ್ತಿದ್ದುದು ಒಂದೇ: ಅರವತ್ತೆರಡಕ್ಕೆ ಇನ್ನು ಎಷ್ಟು ವರ್ಷ?

ಸಲಹೆಗಳಿಗೇನು ಬರವೇ? ಕೋಕಿಲಾಬೆನ್ ಗುಂದ್ ಪಾಕ್ ಮಾಡಿ ತಂದರು. ಅಂಟಿನುಂಡೆಯ ಗುಜರಾತಿ ತಂಗಿ ಅದು. ಅಕ್ಕ ರಾಗಿ ಕುಡಿ ಎಂದಳು. ಉದ್ಯಾನದ ನಗೆ ಕೂಟದವರು ಬೆಳಿಗ್ಗೆ ಬಂದು ಜೋರಾಗಿ ನಗಿ, ಎಲುಬು ತಾನೇ ಗಟ್ಟಿಯಾಗುತ್ತದೆ ಎಂದರು. ನಿಜ ಹೇಳಿದವಳು ನನ್ನ ಮಗಳು ಸ್ನೇಹಾ ಒಬ್ಬಳೇ. ಅವಳು ವಡೋದರಾದಲ್ಲಿ ಫಿಸಿಯೋಥೆರಪಿಸ್ಟ್. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಬೆಳೆದದ್ದು ಪೂರಾ ಗುಜರಾತಿನಲ್ಲಿ, ಕನ್ನಡ ಮಾತನಾಡಿದರೆ ಊಟದಲ್ಲಿ ಕಲ್ಲು ಸಿಕ್ಕಹಾಗೆ ನಡುನಡುವೆ ನಿಲ್ಲುತ್ತಾಳೆ.

‘ಮಮ್ಮಿ, ವಾಕಿಂಗ್ ಸೇ ಕುಛ್ ನಹೀಂ ಆಗ್ತದ. ನಿನಗ ವೇಟ್ ಎತ್ತಬೇಕು. ರಿಯಲ್ ವೇಟ್. ಸ್ಲೋಲಿ ಸ್ಲೋಲಿ ಜಾಸ್ತಿ ಮಾಡಬೇಕು. ಬೋನ್‌ಗೆ ಲೋಡ್ ಬೇಕು, ಸಮಝೀ?’

ಸಮಝೀ. ಮಣಿಕಟ್ಟು ಕೂಡಿದ ಮೇಲೆ ಡಾಕ್ಟರೂ ಅದನ್ನೇ ಹೇಳಿದರು. ಹೀಗೆ ನಮ್ಮ ಮನೆಗೆ ಭಾರ ಬರುವುದು ನಿಶ್ಚಯವಾಯಿತು. ತರುವ ಕೆಲಸ ನಮ್ಮ ಯಜಮಾನರು ಹಿಡಿದರು. ಅಲ್ಲೇ ಎಡವಟ್ಟಾದದ್ದು.

ನಮ್ಮ ಯಜಮಾನರು ಬ್ಯಾಂಕಿನವರು. ಇಪ್ಪತ್ತೆರಡು ವರ್ಷದ ಹಿಂದೆ ಸೂರತ್ತಿನ ಉಧ್ನಾಕ್ಕೆ ವರ್ಗವಾಗಿ ಬಂದೆವು, ಆಮೇಲೆ ವಡೋದರಾ, ಆಮೇಲೆ ಇಲ್ಲಿಯ ವಟ್ವಾ ಶಾಖೆ. ವರ್ಗದ ನೌಕರಿಯವರ ಮನೆ ನೀವು ನೋಡಿರಬಹುದು. ಅಲ್ಲಿ ಎಲ್ಲವೂ ಮಡಚುತ್ತದೆ. ಮಂಚ ಮಡಚುತ್ತದೆ, ಮೇಜು ಮಡಚುತ್ತದೆ, ಕುರ್ಚಿ ಒಂದರೊಳಗೊಂದು ಸೇರುತ್ತದೆ. ನಮ್ಮವರದ್ದು ಒಂದು ನಿಯಮವಿದೆ: ಇಬ್ಬರು ಹಮಾಲರು ಸೇರಿ ಮೆಟ್ಟಿಲು ಇಳಿಸಲಾಗದ ವಸ್ತು ಮನೆಯೊಳಗೆ ಬರಕೂಡದು. ಈ ನಿಯಮಕ್ಕೆ ಬಲಿಯಾದ ಮೊದಲ ವಸ್ತು ನನ್ನ ತವರಿನ ಒರಳುಕಲ್ಲು. ಉಧ್ನಾದಿಂದ ವಡೋದರಾಕ್ಕೆ ಹೊರಡುವ ದಿನ ಅದನ್ನು ಕೆಳಗಿನ ಮನೆಯವರಿಗೆ ಕೊಟ್ಟುಬಂದೆವು. ಅವರು ಅದರಲ್ಲಿ ತುಳಸಿ ನೆಟ್ಟರು. ನಾನು ರೈಲಿನಲ್ಲಿ ಭರೂಚ್ ಬರುವವರೆಗೂ ಅತ್ತೆ. ‘ಸದ್ಯಕ್ಕ ಮಿಕ್ಸರ್ ಸಾಕಲ್ಲ’ ಎಂದು ಇವರು ಸಮಾಧಾನ ಮಾಡಿದರು.

ಸದ್ಯಕ್ಕೆ! ಈ ಒಂದು ಶಬ್ದದ ಮೇಲೆ ನಾನು ಮೊಕದ್ದಮೆ ಹೂಡಬೇಕು. ಸದ್ಯಕ್ಕೆ ಈ ಪರದೆ ಸಾಕು. ಸದ್ಯಕ್ಕೆ ಈ ಒಲೆ ಸಾಕು. ಒಳ್ಳೆಯದನ್ನೆಲ್ಲ ಧಾರವಾಡದ ಮನೆಗೆ ತೆಗೆದುಕೊಳ್ಳೋಣ. ಧಾರವಾಡದ ಮನೆ ಎಂದರೆ ಏನೆಂದುಕೊಂಡಿರಿ? ಒಂದು ಖಾಲಿ ಸೈಟು. ಅಲ್ಲಿ ಹುಲ್ಲು ಬೆಳೆದಿದೆ, ಯಾರದೋ ಎಮ್ಮೆ ಮೇಯುತ್ತದೆ. ಆ ಎಮ್ಮೆ ನಮ್ಮ ಮನೆಯಲ್ಲಿ ಬಹಳ ಸುಖವಾಗಿದೆ. ನಾವು ಮಾತ್ರ ಹನ್ನೆರಡು ವರ್ಷದ ಹಿಂದೆ ಕೊಂಡ ನಮ್ಮದೇ ಫ್ಲಾಟಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೇವೆ.

ಹೀಗಿರುವಾಗ ನಮ್ಮವರು ಎಂಥ ಭಾರ ತಂದಾರು? ವಟ್ವಾದಿಂದ ಬರುವ ದಾರಿಯಲ್ಲಿ ಒಂದು ಅಂಗಡಿ ಹುಡುಕಿ, ರಿಕ್ಷಾದಲ್ಲಿ ಹಾಕಿಕೊಂಡು ತಂದರು. ಒಂದು ಟೊಳ್ಳು ಸರಳು, ಎಂಟು ಪ್ಲಾಸ್ಟಿಕ್ ಬಿಲ್ಲೆಗಳು. ಬಿಲ್ಲೆಯ ಒಳಗೆ ಕಬ್ಬಿಣವಿಲ್ಲ, ಮರಳು ಸಿಮೆಂಟು ಕಲಸಿ ತುಂಬಿದ್ದು. ಜೊತೆಗೆ ಉಚಿತವಾಗಿ ಒಂದು ಸ್ಕಿಪ್ಪಿಂಗ್ ಹಗ್ಗ, ಪೈಲ್ವಾನನ ಅಳತೆಯ ಕೈಗವಸು, ಅಂಗಿ ಇಲ್ಲದ ಗಂಡಸಿನ ಒಂದು ದೊಡ್ಡ ಚಿತ್ರ. ಆ ಗಂಡಸು ಹಲ್ಲು ಕಚ್ಚಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ನಾನು ಅವನನ್ನು ಮಡಚಿ ಗೋಧಿ ಡಬ್ಬಿಯ ಕೆಳಗೆ ಹಾಸಿದೆ.

‘ಇದ ಯಾಕ ತಂದ್ರಿ? ಸ್ನೇಹಾ ಕಬ್ಬಿಣದ್ದ ಬೇಕು ಅಂದಿದ್ಲಲ್ಲ.’

‘ನೀ ಹದಿನೈದ ದಿನ ಮಾಡ್ತೀಯೋ ಇಲ್ಲೋ ನೋಡೋಣ. ಸದ್ಯಕ್ಕ ಇದ ಸಾಕು.’

ಹದಿನೈದು ದಿನ! ಮೂವತ್ತು ವರ್ಷ ಈ ಮನುಷ್ಯನಿಗೆ ಬೆಳಿಗ್ಗೆ ಆರಕ್ಕೆ ಚಹಾ, ಎಂಟಕ್ಕೆ ಡಬ್ಬಿ ತಪ್ಪಿಸದವಳು ಹದಿನೈದು ದಿನ ಭಾರ ಎತ್ತಲಾರಳೇ? ನನ್ನ ಹಟ ಅಲ್ಲಿಂದಲೇ ಏರಿತು ಅಂತ ಕಾಣುತ್ತದೆ.

ಇಲ್ಲಿ ಒಂದು ಹಳೆಯ ಸಿಟ್ಟನ್ನೂ ಹೇಳಿಬಿಡುತ್ತೇನೆ. ನಾನು ಒಂಬತ್ತು ಹತ್ತು ವರ್ಷದವಳಿದ್ದಾಗ ನಮ್ಮ ಓಣಿಯ ಕೊನೆಗೆ ಒಂದು ಗರಡಿಮನೆ ಇತ್ತು. ನಮ್ಮಣ್ಣ ಅಲ್ಲಿಗೆ ಹೋಗುತ್ತಿದ್ದ. ಹೋಗುತ್ತಿದ್ದನೇ ಹೊರತು ಅವನ ತೋಳು ಮಾತ್ರ ಕೊನೆಯವರೆಗೂ ನುಗ್ಗೆಕಾಯಿಯಂತೆಯೇ ಉಳಿಯಿತು. ಅವನಿಗೆ ಹಾಲು ಕೊಡಲು ಅವ್ವ ನನ್ನನ್ನು ಕಳಿಸುತ್ತಿದ್ದಳು. ಬಾಗಿಲ ಹೊರಗೆ ಸಂಗ್ರಾಣಿ ಕಲ್ಲು ಬಿದ್ದಿರುತ್ತಿತ್ತು. ಪೈಲ್ವಾನರು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆಯುವ ಕಲ್ಲು. ಒಂದು ದಿನ ಯಾರೂ ಇಲ್ಲದಾಗ ನಾನು ಚರಿಗೆ ಕೆಳಗಿಟ್ಟು, ಲಂಗ ಎತ್ತಿ ಕಟ್ಟಿ ಅದನ್ನು ತಬ್ಬಿದೆ. ಅಲುಗಿತು. ದೇವರಾಣೆ ಅಲುಗಿತು! ಅಷ್ಟರಲ್ಲಿ ಗರಡಿ ಕಲಿಸುವ ವಸ್ತಾದರು ಬಂದರು. ‘ಏ ತಂಗಿ, ಹೆಣ್ಮಕ್ಕಳು ಮುಟ್ಟಬಾರದವಾ ಅದನ್ನ’ ಎಂದು ನನ್ನನ್ನು ಓಡಿಸಿ, ಒಂದು ಕೊಡ ನೀರು ತಂದು ಕಲ್ಲಿನ ಮೇಲೆ ಸುರಿದು, ಕುಂಕುಮ ಹಚ್ಚಿದರು. ಬೀದಿನಾಯಿ ದಿನಾ ಅದೇ ಕಲ್ಲಿನ ಮೇಲೆ ಕಾಲೆತ್ತುತ್ತಿತ್ತು. ನಾಯಿಗೆ ಯಾರೂ ನೀರು ಸುರಿದದ್ದನ್ನು ನಾನು ನೋಡಿಲ್ಲ.

ಇರಲಿ, ಪ್ಲಾಸ್ಟಿಕ್ಕಿಗೆ ಬರೋಣ. ಸ್ನೇಹಾ ವಿಡಿಯೋದಲ್ಲಿ ನೋಡುತ್ತ ಕಲಿಸಿದಳು. ಮೊಣಕಾಲು ಬಗ್ಗಿಸು, ಬೆನ್ನು ನೆಟ್ಟಗೆ ಇಡು, ಉಸಿರು ಹಿಡಿ, ನೆಲವನ್ನು ಕಾಲಿಂದ ಒತ್ತು, ಏಳು. ಮೊದಲು ಎರಡರ ಬಿಲ್ಲೆ, ಆಮೇಲೆ ಐದರದು. ಎರಡು ತಿಂಗಳಿಗೆ ಹದಿನಾಲ್ಕು ಕಿಲೋ ಎತ್ತಿದೆ ಎಂದು ಅಕ್ಕತಂಗಿಯರಿಗೆಲ್ಲ ಫೋನು ಮಾಡಿ ಹೇಳಿದೆ. ಒಂದೇ ತೊಂದರೆ: ಎತ್ತಿದಾಗೆಲ್ಲ ಸರಳು ಎಡಕ್ಕೆ ವಾಲುತ್ತಿತ್ತು. ಮುರಿದ ಬಲಗೈ ಅಳುಕುತ್ತಿದೆ, ಅದಕ್ಕೇ ಆ ಕಡೆ ಮೇಲೆ ಎಳೆಯುತ್ತಿದ್ದೇನೆ ಎಂದು ನನ್ನನ್ನೇ ಬೈದುಕೊಂಡೆ, ರಾತ್ರಿ ಕೈಗೆ ಎಣ್ಣೆ ತಿಕ್ಕಿದೆ, ಗಣಪತಿಗೆ ಒಂದು ಕಾಯಿ ಹೇಳಿಕೊಂಡೆ. ಬಿಲ್ಲೆ ಜಾರದಂತೆ ಹಿಡಿಯಲು ಸರಳಿನ ತುದಿಗೆ ಒಂದು ತಿರುಪು ಇತ್ತು. ಅದು ಎಷ್ಟು ಬಿಗಿದರೂ ಸಡಿಲವಾಗುತ್ತಿತ್ತು. ಒಂದು ಬೆಳಿಗ್ಗೆ ನಾನು ಎತ್ತಿ ನೆಟ್ಟಗೆ ನಿಂತಾಗ ಎಡಗಡೆಯ ಬಿಲ್ಲೆ ಸರ್ರನೆ ಜಾರಿ ನನ್ನ ಕಾಲ್ಬೆರಳಿನಿಂದ ಎರಡಂಗುಲ ಆಚೆ ಬಿತ್ತು. ಫರಸಿ ಬಿರುಕು ಬಿಟ್ಟಿತು, ಬಿಲ್ಲೆ ಒಡೆದು ಮರಳು ಚೆಲ್ಲಿತು. ಒಂದೇ ಕಡೆ ಭಾರ ಉಳಿದ ಸರಳು ಗಿರ್ರನೆ ತಿರುಗಿ ನನ್ನ ಪಕ್ಕೆಗೆ ಬಡಿಯಿತು. ಸ್ವಲ್ಪ ತಪ್ಪಿದ್ದರೆ ಎಲುಬು ಗಟ್ಟಿ ಮಾಡಲು ಹೋಗಿ ಎಲುಬು ಮುರಿದುಕೊಂಡವಳು ಎಂದು ಹೆಸರಾಗುತ್ತಿದ್ದೆ.

ನಮ್ಮವರು ಬಂದು ನೋಡಿದರು. ಕಂದು ಬಣ್ಣದ ಪಾರ್ಸೆಲ್ ಟೇಪು ತಂದು ಬಿಲ್ಲೆಗೆ ಸುತ್ತತೊಡಗಿದರು. ವರ್ಗದ ಮನೆಯಲ್ಲಿ ಆ ಟೇಪಿಗೆ ಮಾತ್ರ ಎಂದೂ ಬರಗಾಲವಿಲ್ಲ. ‘ಸದ್ಯಕ್ಕ...’ ಎಂದು ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿಕೊಂಡರು.

ಅದೇ ವಾರ ಪಸ್ತಿವಾಲಾ, ಅಂದರೆ ಹಳೆ ಪೇಪರಿನವನು, ಬಂದ. ಕೋಕಿಲಾಬೆನ್ ಅವನ ತಕ್ಕಡಿಯನ್ನು ನಂಬುವುದಿಲ್ಲ. ತಮ್ಮದೇ ಕೊಕ್ಕೆಯ ತಕ್ಕಡಿ ಇಟ್ಟುಕೊಂಡು, ಅವನು ತೂಗಿದ್ದನ್ನು ಮತ್ತೆ ತೂಗಿ, ಹತ್ತು ನಿಮಿಷ ಜಗಳಾಡಿಯೇ ಪೇಪರು ಕೊಡುತ್ತಾರೆ. ನನಗೇನೋ ಅನುಮಾನ ಬಂದು ಬಿಲ್ಲೆಗಳನ್ನು ಹೊರಗೆ ತಂದೆ. ನಡುವೆ ತೂತಿದೆಯಲ್ಲ, ಕೊಕ್ಕೆಗೆ ಸಲೀಸಾಗಿ ಸಿಕ್ಕಿತು. ಒಡೆಯದ ಐದು ಕಿಲೋದ ಬಿಲ್ಲೆ ನಾಲ್ಕೂ ಕಾಲು ತೂಗಿತು. ಒಡೆದದ್ದು ಅಷ್ಟು ಮರಳು ಚೆಲ್ಲಿಕೊಂಡ ಮೇಲೂ ನಾಲ್ಕೂ ಮುಕ್ಕಾಲು ತೂಗಿತು. ಪಸ್ತಿವಾಲಾನ ತಕ್ಕಡಿಗೆ ಹಾಕಿದೆವು. ಅಷ್ಟೇ. ಆ ಎರಡು ತಕ್ಕಡಿಗಳು ಒಂದೇ ಮಾತು ಹೇಳಿದ್ದನ್ನು ನಮ್ಮ ಕಟ್ಟಡ ಅದೇ ಮೊದಲು ಕಂಡಿತು. ಪಸ್ತಿವಾಲಾ ಬಿರುಕಿನಲ್ಲಿ ಬೆರಳಾಡಿಸಿ, ‘ಬೆನ್, ಆಮಾಂ ತೋ ರೇತಿ ಛೇ. ರೇತಿನೋ ಭಾವ್ ನಥೀ’ ಎಂದ. ಇದರೊಳಗೆ ಮರಳಿದೆ, ಮರಳಿಗೆ ರೇಟಿಲ್ಲ. ಜೀವಮಾನವೆಲ್ಲ ತೂಕದಲ್ಲಿ ಹೊಡೆದವನು ಕೂಡ ಅಂಥ ಮೋಸ ನೋಡಿ ತಲೆ ಕೊಡವಿದ.

ಹಾಗಾದರೆ ನಾನು ಎತ್ತಿದ್ದೆಷ್ಟು? ಯಾರಿಗೂ ಗೊತ್ತಿಲ್ಲ. ಎಡಗಡೆಗೆ ಭಾರ ಹೆಚ್ಚು, ಅದಕ್ಕೇ ಸರಳು ಅತ್ತ ವಾಲುತ್ತಿತ್ತು. ಪಾಪದ ನನ್ನ ಬಲಗೈಯನ್ನು ಎರಡು ತಿಂಗಳು ಸುಮ್ಮನೆ ಬೈದೆನಲ್ಲ! ಅಂಗಡಿಯವನಿಗೆ ಫೋನು ಮಾಡಿದೆ.

‘ಬೆನ್, ಘರ್ ಕೇ ಲಿಯೇ ತೋ ಚಾಲ್ಶೇ’ ಎಂದ. ಮನೆಗೆ ನಡೆಯುತ್ತದೆ.

‘ಪಾಂಚ್ ಕಿಲೋ ಲಿಖಾ ಹೈ, ಸವಾ ಚಾರ್ ಹೈ!’

‘ಲೇಕಿನ್ ಉಠಾನೇ ಮೇಂ ಪಾಂಚ್ ಜೈಸಾ ಹೀ ಲಗ್ತಾ ಹೈ ನಾ, ಬೆನ್?’

ಎತ್ತುವಾಗ ಐದರಂತೆಯೇ ಅನ್ನಿಸುತ್ತದಂತೆ! ನಮ್ಮ ಮನೆಯ ‘ಸದ್ಯಕ್ಕ’ ಮತ್ತು ಅವನ ‘ಚಾಲ್ಶೇ’ ಒಂದೇ ಬಸಿರಿನಲ್ಲಿ ಹುಟ್ಟಿದ ಅಣ್ಣತಮ್ಮಂದಿರು. ನನ್ನ ಲೆಕ್ಕ ಕೇಳಿ ಸ್ನೇಹಾ, ‘ಮಮ್ಮಿ, ಎಷ್ಟು ಲಿಫ್ಟ್ ಮಾಡಿದಿ ಅಂತನೇ ಗೊತ್ತಿಲ್ಲಾ ತೋ ಜಾಸ್ತಿ ಹೆಂಗ ಮಾಡೂದು?’ ಎಂದಳು. ಅವಳ ಕನ್ನಡ ಅಂದು ಎಲ್ಲೂ ನಿಲ್ಲಲಿಲ್ಲ.

ಭಾನುವಾರ ನಮ್ಮವರನ್ನು ಎಳೆದುಕೊಂಡು ಹೆದ್ದಾರಿ ಕಡೆಯ ಒಂದು ದೊಡ್ಡ ಶೋರೂಮಿಗೆ ಹೋದೆ. ಅಗ್ಗದವನ ಮೇಲೆ ಸಿಟ್ಟಾದವಳು ದುಬಾರಿಯವನ ಹತ್ತಿರ ತಣ್ಣಗಾಗಿ ಬಂದಳು ಎಂದುಕೊಂಡರೆ ನಿಮ್ಮ ಎಣಿಕೆ ತಪ್ಪು. ಒಳಗೆ ಎಸಿ, ಅತ್ತರು, ನಾಲ್ಕೂ ಗೋಡೆಗೆ ಕನ್ನಡಿ. ಎತ್ತ ತಿರುಗಿದರೂ ನಾನೇ. ಬಿಗಿ ಅಂಗಿಯ ಸೇಲ್ಸ್‌ಮನ್ ನನ್ನನ್ನು ದಾಟಿ ನಮ್ಮವರಿಗೆ ಕೈಕೊಟ್ಟು, ‘ಸರ್, ಆಪ್ ಕಿತನಾ ಉಠಾತೇ ಹೈಂ?’ ಎಂದು ಕೇಳಿದ. ನಮ್ಮವರು ಎತ್ತುವುದು ಪೇಪರು ಒಂದೇ. ಭಾರ ನನಗೆ ಬೇಕಾಗಿದೆ ಎಂದಾಗ ಆತ ಮಗುವನ್ನು ನೋಡುವಂತೆ ನನ್ನನ್ನು ನೋಡಿ ನಕ್ಕು, ಗುಲಾಬಿ ಬಣ್ಣದ ಒಂದು ಕಿಲೋದ ಜೋಡಿ ತಂದ. ಒಂದು ಕಿಲೋ! ನಮ್ಮ ಮನೆಯ ಕುಕ್ಕರು ಬೇಳೆ ಹಾಕುವ ಮೊದಲೇ ಅದಕ್ಕಿಂತ ಭಾರ ಇರುತ್ತದೆ.

ಆಮೇಲೆ ಗೋಡೆಗೆ ಒರಗಿದ ಒಂದು ಯಂತ್ರ ತೋರಿಸಿದ. ಅದರಲ್ಲಿ ಕಬ್ಬಿಣವೇ ಇಲ್ಲ, ಒಂದು ದೊಡ್ಡ ಪರದೆ ಇದೆ. ಪರದೆಯೊಳಗೆ ಒಬ್ಬಳು ಪರದೇಶಿ ಹೆಂಗಸು ನನ್ನ ಹೆಸರು ಹಿಡಿದು ಹುರಿದುಂಬಿಸುತ್ತಾಳಂತೆ. ತಿಂಗಳು ತಿಂಗಳು ಚಂದಾ ಕಟ್ಟಬೇಕು, ಇಂಟರ್ನೆಟ್ ಇರಬೇಕು. ಇಂಟರ್ನೆಟ್ ಹೋದರೆ? ‘ಮೇಡಂ, ತಬ್ ನಹೀಂ ಚಲೇಗಾ.’ ಭಾರ ಎತ್ತಲು ಪಾಸ್‌ವರ್ಡ್ ಬೇಕೆಂದು ಕೇಳಿದ್ದು ಅದೇ ಮೊದಲು. ಒಬ್ಬ ಬಡವಿ ಎಂದು ಮರಳು ಮಾರಿದ, ಇನ್ನೊಬ್ಬ ಶ್ರೀಮಂತಳೆಂದು ಗಾಳಿ ಮಾರಲು ಬಂದ. ಇಬ್ಬರ ನಡುವೆ ನಾಲ್ಕು ಕಬ್ಬಿಣದ ತುಂಡು ಕೇಳುವವಳಿಗೆ ಬೆಲೆಯೇ ಇಲ್ಲವೇ?

ಕಬ್ಬಿಣ ಮೂಲೆಯಲ್ಲಿತ್ತು. ದಪ್ಪ ಕಂಬಗಳ ಒಂದು ಚೌಕಟ್ಟು, ಎದೆ ಎತ್ತರಕ್ಕೆ ಸರಳು ಇಡಲು ಗಟ್ಟಿ ಕೊಕ್ಕೆಗಳು, ಕೈತಪ್ಪಿದರೆ ಸರಳನ್ನು ಹಿಡಿಯಲು ಕೆಳಗೆ ಎರಡು ಅಡ್ಡ ತೊಲೆ. ಪಕ್ಕದಲ್ಲಿ ರಬ್ಬರು ಹೊದಿಸಿದ ಕಬ್ಬಿಣದ ಬಿಲ್ಲೆಗಳು. ಅಲ್ಲೇ ಇದ್ದ ತೂಕದ ಯಂತ್ರದ ಮೇಲೆ ನಾನೇ ಒಂದೊಂದಾಗಿ ಇಟ್ಟು ನೋಡಿದೆ. ಐದು ಎಂದರೆ ಐದು. ಸೇಲ್ಸ್‌ಮನ್‌ಗೆ ಅವಮಾನವಾಯಿತು, ಆಗಲಿ. ಸರಳು ಹಿಡಿದೆ. ಅದರ ಮೈಮೇಲೆ ಕೊರೆದ ಸಣ್ಣ ಗೀರುಗಳು ಅಂಗೈಯನ್ನು ಕಚ್ಚಿ ಹಿಡಿದವು. ಮೊಣಕಾಲು ಬಗ್ಗಿಸಿ ಎದ್ದೆ. ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಸಿಟ್ಟಿನ ನೀರಲ್ಲ ಅದು.

‘ಇದೇ ಬೇಕು’ ಎಂದೆ.

‘ಇಸ್‌ಕೋ ಫರ್ಶ್ ಮೇಂ ಬೋಲ್ಟ್ ಕರನಾ ಪಡೇಗಾ. ಲೈಫ್‌ಟೈಮ್ ಗ್ಯಾರಂಟಿ ಹೈ’ ಎಂದ ಸೇಲ್ಸ್‌ಮನ್.

ನೆಲಕ್ಕೆ ಬೋಲ್ಟು ಎಂದದ್ದೇ ತಡ, ನಮ್ಮವರು ನನ್ನ ಸೆರಗು ಹಿಡಿದಂತೆ ಹೊರಗೆ ನಡೆಸಿದರು. ರಿಕ್ಷಾದಲ್ಲಿ ಕೂತ ಮೇಲೆ ಬಾಯಿಬಿಟ್ಟರು.

‘ಇನ್ನ ಎಂಟ ತಿಂಗಳಿಗೆ ನಾ ರಿಟೈರ್ ಆಗ್ತೇನಿ. ಧಾರವಾಡಕ್ಕ ಹೋಗೋ ಮುಂದ ಆ ಕಬ್ಬಿಣಾ ಎಲ್ಲಾ ಕಿತಗೊಂಡು ಹೋಗೂದೇನ? ಅಲ್ಲಿ ಹೋದಮ್ಯಾಲೆ ಛಲೋದ ತಗೊಳ್ಳೋಣಂತ. ಸದ್ಯಕ್ಕ...’

‘ನಮ್ಮವ್ವ ಬಿದ್ದದ್ದ ಎಲ್ಲೆ? ಧಾರವಾಡದಾಗ. ಅಲ್ಲೇನ ಎಲುಬಿಗೆ ಬ್ಯಾರೆ ಕಾನೂನ ಅದ ಏನ್ರಿ? ನಿಮ್ಮ ರಿಟೈರ್ಮೆಂಟಿನ ಹಾದಿ ನೋಡ್ಕೋತ ನನ್ನ ಎಲುಬು ಕೂಡೂದಿಲ್ಲ. ಮತ್ತ ಇನ್ನೊಂದ ಕೇಳ್ರಿ. ನಾ ಧಾರವಾಡಕ್ಕ ಬರೂದೂ ಇಲ್ಲ!’

ಆಡಿದ ಮೇಲೆಯೇ ನಾನು ಏನು ಆಡಿದೆ ಎಂಬುದು ನನಗೆ ಗೊತ್ತಾದದ್ದು. ರಿಕ್ಷಾದವನು ಕನ್ನಡಿಯಲ್ಲಿ ನೋಡಿದ. ನಮ್ಮವರ ಬಾಯಿ ತೆರೆದೇ ಇತ್ತು.

‘ಬರೂದಿಲ್ಲ?’

‘ಇಲ್ಲ. ನನ್ನ ಮಗಳು ವಡೋದರಾದಾಗ ಇದ್ದಾಳ. ನನ್ನ ಡಾಕ್ಟರ್ ಇಲ್ಲೆ. ಕಾಯಿಪಲ್ಲೆದಾಕಿ ಇಲ್ಲೆ. ಜಗಳಾಡ್ಲಿಕ್ಕೆ ಕೋಕಿಲಾಬೆನ್ ಇಲ್ಲೆ. ಅಲ್ಲೆ ಯಾರಿದ್ದಾರ?’

‘ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?’

‘ನೀವು ಅಷ್ಟ ಆಸೇಲೆ ಧಾರವಾಡ ಧಾರವಾಡ ಅಂತಿದ್ರಿ. ನಿಮ್ಮ ಮನಸು ಯಾಕ ಮುರೀಬೇಕು ಅಂತ.’

‘ನಾ?’ ಎಂದು ಅವರು ಕೂಗಿದ ಕೂಗಿಗೆ ರಿಕ್ಷಾ ಒಂದು ಸಲ ಅಲುಗಿತು. ‘ನಾ ಅಂದದ್ದ ನಿನ್ನ ಸಲುವಾಗಿ! ಒರಳುಕಲ್ಲ ಬಿಟ್ಟಾಗ ನೀ ಭರೂಚ್ ತನಕ ಅತ್ತೀ. ಇಕಿಗೆ ಊರ ಬೇಕು ಅಂತ ಅವತ್ತ ಮನಸಿನ್ಯಾಗ ಇಟಗೊಂಡೇನಿ. ನನಗೇನ ಅದ ಅಲ್ಲೆ? ಎಮ್ಮಿ ಕಾಯಲೇನ?’

‘ಸಾಹೇಬ್, ಸ್ಟೇಷನ್ ಆವೀ ಗಯುಂ’, ಮಣಿನಗರ ಸ್ಟೇಷನ್ ಬಂತು ಎಂದು ರಿಕ್ಷಾದವನೇ ಮೆಲ್ಲಗೆ ಹೇಳಬೇಕಾಯಿತು.

ನನಗೆ ಆ ದಿನ ಬಂದ ಸಿಟ್ಟನ್ನು ಯಾರ ಮೇಲೆ ಇಳಿಸಲಿ ಹೇಳಿ? ಇಪ್ಪತ್ತೆರಡು ವರ್ಷ ಕಿರುಗುಟ್ಟುವ ಮಡಚುಮಂಚದ ಮೇಲೆ ಮಲಗಿದ್ದು ಒಬ್ಬರಿಗೊಬ್ಬರು ಮರ್ಯಾದೆ ಕೊಡಲು! ಅವರು ನನ್ನ ಸಲುವಾಗಿ ಗಂಟು ಕಟ್ಟಿಕೊಂಡು ಕೂತರು, ನಾನು ಅವರ ಸಲುವಾಗಿ. ಅವರನ್ನೇ ಬೈಯೋಣವೆಂದರೆ ನಾನೇನು ಕಡಿಮೆ? ಮದುವೆಯಲ್ಲಿ ಕೊಟ್ಟ ಹಿತ್ತಾಳೆಯ ಡಬ್ಬಿಗಳನ್ನು ಇನ್ನೂ ಗೋಣಿಯಲ್ಲಿ ಕಟ್ಟಿಟ್ಟವಳು ನಾನೇ. ಒಂದು ಸಲ, ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು. ಒಳ್ಳೆಯವರ ಮನೆಯಲ್ಲಿ ಇಂಥ ದಡ್ಡತನ ಆಗುತ್ತದೆ ಎಂದು ಕೋಕಿಲಾಬೆನ್ ಸಮಾಧಾನ ಹೇಳಿದರು. ನನಗೆ ಸಮಾಧಾನ ಆಗಲಿಲ್ಲ.

ಚೌಕಟ್ಟು ಬಂತು. ಸ್ನೇಹಾ ಮಲಗುತ್ತಿದ್ದ ಕೋಣೆಯ ಮೂಲೆಯಲ್ಲಿ, ಕಟ್ಟಡದ ತೊಲೆ ಇರುವ ಜಾಗ ನೋಡಿ ನಾಲ್ಕು ಬೋಲ್ಟು ಹಾಕಿ ಕೂರಿಸಿದರು. ಆಗಿನಿಂದ ಒಂದು ವರ್ಷವಾಗುತ್ತ ಬಂತು. ನಮ್ಮವರು ನಡುವೆ ನಿವೃತ್ತರಾದರು, ಹಾರ ಹಾಕಿಸಿಕೊಂಡು ಬಂದರು. ಈಗ ನಾನು ಮೂವತ್ತೈದು ಕಿಲೋ ಎತ್ತುತ್ತೇನೆ. ನಿಜವಾದ ಮೂವತ್ತೈದು.

ಹೋದ ತಿಂಗಳು ಮತ್ತೆ ಎಲುಬಿನ ಪರೀಕ್ಷೆ ಮಾಡಿಸಿದೆ. ಎಲುಬು ಉಕ್ಕಿನಂತಾಗಿದೆ, ಪೇಪರಿನಲ್ಲಿ ಹಾಕಿಸೋಣ ಎಂದು ಡಾಕ್ಟರು ಹೇಳಿಯಾರು ಎಂಬ ಆಸೆ ನನಗಿತ್ತು. ಅವರು ಹಳೆಯ ವರದಿ, ಹೊಸ ವರದಿ ಅಕ್ಕಪಕ್ಕ ಇಟ್ಟು, ‘ಜಿತನಾ ಥಾ, ಉತನಾ ಹೀ ಹೈ’ ಎಂದರು. ಇದ್ದಷ್ಟೇ ಇದೆ! ವರ್ಷವೆಲ್ಲ ಬೆವರು ಸುರಿಸಿದ್ದಕ್ಕೆ ಇದ್ದಷ್ಟೇ? ನಾನು ಮೇಜಿನ ಮೇಲೆ ಬಾಗಿ ಜಗಳಕ್ಕೇ ನಿಂತೆ. ಅವರು ತಾಳ್ಮೆಯಿಂದ ವಿವರಿಸಿದರು. ನಿಮ್ಮ ವಯಸ್ಸಿನಲ್ಲಿ ಇದು ವರ್ಷ ವರ್ಷ ಇಳಿಯುತ್ತದೆ, ನಿಮ್ಮದು ಇಳಿದಿಲ್ಲ, ಅದೇ ದೊಡ್ಡದು. ಎಲುಬಿಗೆ ಭಾರ ಹೊರಿಸದಿದ್ದರೆ ಇದರಿಂದ ಏನೂ ಕೆಲಸವಿಲ್ಲ ಎಂದು ಮೈ ಅದನ್ನು ಸುಮ್ಮನೆ ಕರಗಿಸುತ್ತ ಹೋಗುತ್ತದೆ ಎಂದರು.

ಆ ಮಾತು ಕೇಳಿದ ಮೇಲೆ ನಾನು ಜಗಳ ಮುಂದುವರಿಸಲಿಲ್ಲ. ನಮ್ಮವ್ವ ಐವತ್ತೈದರವರೆಗೂ ಬಾವಿಯಿಂದ ಎರಡೆರಡು ಕೊಡ ನೀರು ಹೊತ್ತವಳು. ಆಮೇಲೆ ಮಕ್ಕಳು ನಾವು ದುಡಿಯತೊಡಗಿದೆವು, ದೊಡ್ಡವರಾದೆವು. ನಳ ಹಾಕಿಸಿದೆವು, ಕೆಲಸಕ್ಕೆ ಜನ ಇಟ್ಟೆವು. ವರ್ಷಕ್ಕೊಮ್ಮೆ ರಜೆಗೆ ಹೋದಾಗೆಲ್ಲ ನಾನು ಅವಳ ಕೈಯಿಂದ ಬಕೆಟು ಕಸಿದುಕೊಂಡೆ, ಹಿಟ್ಟಿನ ಡಬ್ಬಿ ಕಸಿದುಕೊಂಡೆ, ಹಾಸಿಗೆಯ ಸುರುಳಿ ಕಸಿದುಕೊಂಡೆ. ‘ನೀ ಕೂಡವಾ, ನಾ ತರ್ತೇನಿ. ಎಷ್ಟ ದುಡೀತಿ, ಇನ್ನರ ಕೂಡು.’ ಅವಳು ಕೂತಳು. ಏಳು ವರ್ಷ ಕೂತಳು. ಅಂಗಡಿಯವನನ್ನು ಬೈದೆ, ಸೇಲ್ಸ್‌ಮನ್‌ನನ್ನು ಬೈದೆ, ವಸ್ತಾದರನ್ನು ಐವತ್ತು ವರ್ಷದಿಂದ ಬೈಯುತ್ತ ಬಂದೆ. ನಮ್ಮವ್ವನ ಕೈಯಿಂದ ಭಾರ ಕಸಿದವಳು ನಾನು. ಯಾರೂ ಹೇಳಲಿಲ್ಲ, ನನಗೆ ಗೊತ್ತಿರಲಿಲ್ಲ, ಎಲ್ಲ ನಿಜ. ಆದರೂ ಆ ದಿನ ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ನಳ ಬಿಟ್ಟು ಅತ್ತೆ.

ಎರಡು ದಿನ ಬಿಟ್ಟು ಗೋಧಿ ಬಂತು. ಇಲ್ಲಿಯವರು ಬೇಸಿಗೆಯಲ್ಲಿ ವರ್ಷದ ಗೋಧಿಯನ್ನು ಒಂದೇ ಸಲ ತರಿಸಿ, ಔಡಲೆಣ್ಣೆ ಸವರಿ ಡಬ್ಬಿ ತುಂಬುತ್ತಾರೆ. ಕೋಕಿಲಾಬೆನ್ ತಮ್ಮ ಊರಿನಿಂದ ತರಿಸುವಾಗ ನಮಗೂ ಇಪ್ಪತ್ತು ಕಿಲೋದ ಎರಡು ಚೀಲ ಹೇಳಿದ್ದರು. ಟೆಂಪೋದವನು ಚೀಲಗಳನ್ನು ಕೆಳಗೆ ಒಗೆದು ಹೋದ. ಲಿಫ್ಟು ಕೆಟ್ಟಿತ್ತು. ನಾನು ಕೆಳಗಿಳಿದು ಚೀಲದ ಎರಡು ಮೂಲೆ ಹಿಡಿಯುತ್ತಿದ್ದಂತೆ ನಮ್ಮವರು ಹಿಂದಿನಿಂದ ಓಡಿಬಂದರು. ಬನಿಯನ್ನಿನ ಮೇಲೇ ಬಂದಿದ್ದರು. ಮುಖದ ತುಂಬ ಕಾಳಜಿ.

‘ಬಿಡು ಬಿಡು. ನೀ ಕೂಡು, ನಾ ತರ್ತೇನಿ’ ಎಂದು ಚೀಲಕ್ಕೆ ಕೈ ಹಾಕಿದರು.

‘ಕೈ ತಗೀರಿ!’ ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಕೋಕಿಲಾಬೆನ್ ಮೂರನೆಯ ಮಹಡಿಯಿಂದ ಬಗ್ಗಿ ನೋಡಿದರು. ‘ನನಗ ಕೂಡು ಅಂತ ಇನ್ನೊಮ್ಮೆ ಅನಬ್ಯಾಡ್ರಿ. ಆ ಇನ್ನೊಂದ ಚೀಲ ನೀವ ಎತ್ರಿ.’

ಅವರು ಪೆಚ್ಚಾಗಿ, ಬೆನ್ನು ಬಿಲ್ಲಿನಂತೆ ಬಗ್ಗಿಸಿ ಚೀಲಕ್ಕೆ ಕೈ ಹಚ್ಚಿದರು.

‘ಹಂಗಲ್ಲ. ಬೆನ್ನ ನೆಟ್ಟಗ. ಮೊಣಕಾಲ ಬಗ್ಗಸ್ರಿ. ಉಸರ ಹಿಡೀರಿ. ಹಾಂ, ಈಗ ಏಳ್ರಿ.’

ಎದ್ದರು. ನಾನು ಮುಂದೆ, ಅವರು ಹಿಂದೆ, ಇಬ್ಬರೂ ಗೋಧಿ ತಬ್ಬಿಕೊಂಡು ಮೆಟ್ಟಿಲು ಹತ್ತಿದೆವು. ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಅವರ ಏದುಸಿರು ನನ್ನ ಬೆನ್ನಿಗೆ ತಾಗುತ್ತಿತ್ತು. ‘ಏ, ಒಂದ ಗಳಿಗಿ ಇಲ್ಲೆ ಕೂಡೋಣೇನ?’ ಎಂದರು.

‘ಬ್ಯಾಡ್ರಿ’ ಎಂದೆ. ‘ಕೂತ್ರ ಏಳೂದು ಆಗೂದಿಲ್ಲ. ನಡೀರಿ.’